ಐಡಲ್‌ನಲ್ಲೋ, ಬೂಸ್ಟ್‌ನಲ್ಲೋ? ಮಾಡಿಫೈ ಮಾಡಿದ ಟರ್ಬೊ ಕಾರಿನ ಮಿಕ್ಸ್ಚರ್ ತೊಂದರೆ ಹುಡುಕುವ ಕ್ರಮ

ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಲೆಕ್ಕಗಳ ತಿದ್ದುಪಡಿ) ಆಗಿರುತ್ತದೆ, ಹೊಸ ಇಂಟೇಕ್ ಪೈಪ್ ಕೂತಿರುತ್ತದೆ, ಟರ್ಬೊದಿಂದ ಹೊಗೆ ಒಯ್ಯುವ ದೊಡ್ಡ ಡೌನ್‌ಪೈಪೂ ಬಂದಿರುತ್ತದೆ. ಒಂದಷ್ಟು ದಿನ ಕಾರು ಚೆನ್ನಾಗಿಯೇ ಓಡುತ್ತದೆ. ಆಮೇಲೆ ಸಿಗ್ನಲ್‌ನಲ್ಲಿ ನಿಂತಾಗ ನಡುಗಲು ಶುರು, ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದರೆ ಜರ್ಕ್, ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ಲೈಟ್. ಅಲ್ಲಿಂದ ಮುಂದೆ ಬಹಳಷ್ಟು ಜನ ಮಾಡುವುದು ಬೆಂಗಳೂರಿನಲ್ಲಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡ್ ಪ್ರದಕ್ಷಿಣೆ. ಮೊದಲು ಆಕ್ಸಿಜನ್ ಸೆನ್ಸರ್ ಬದಲಿಸುವುದು, ಹೋಗಲಿಲ್ಲವೆಂದರೆ ಗಾಳಿ ಅಳೆಯುವ ಮ್ಯಾಫ್ ಸೆನ್ಸರ್, ಅದಕ್ಕೂ ಬಗ್ಗಲಿಲ್ಲವೆಂದರೆ ಫ್ಯೂಯೆಲ್ ಪಂಪ್. ಅಷ್ಟರಲ್ಲಿ ಕೈಬಿಟ್ಟ ದುಡ್ಡಿಗೆ ಒಂದು ಒಳ್ಳೆಯ ಸ್ಕ್ಯಾನರ್ ಬರುತ್ತಿತ್ತು.

ಮಿಕ್ಸ್ಚರ್ ಲೀನ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ) ಅಥವಾ ರಿಚ್ (ಪೆಟ್ರೋಲ್ ಹೆಚ್ಚು) ಎಂದು ಗೊತ್ತಾದರೆ ಅರ್ಧ ಕೆಲಸವೂ ಆದಂತಲ್ಲ. ಅದು ಯಾವಾಗ ಲೀನ್, ಯಾವಾಗ ರಿಚ್ ಎಂಬುದರಲ್ಲಿ ಉತ್ತರ ಇರುತ್ತದೆ. ಆಕ್ಸಿಲರೇಟರ್ ಒತ್ತದೆ ಎಂಜಿನ್ ನಡೆಯುವ ಐಡಲ್‌ನಲ್ಲಿ ಮಾತ್ರವೇ, ಒಂದೇ ವೇಗದಲ್ಲಿ ಆರಾಮಾಗಿ ಹೋಗುವಾಗಲೇ, ಟರ್ಬೊ ಗಾಳಿಯನ್ನು ಒತ್ತಿ ತುಂಬುವ ಬೂಸ್ಟ್ ಬಂದಾಗಲೇ? ಈ ಮೂರನ್ನು ಬೇರೆ ಬೇರೆಯಾಗಿ ಬರೆದುಕೊಂಡರೆ ಸ್ಪ್ಯಾನರ್ ಹಿಡಿಯುವ ಮೊದಲೇ ಅನುಮಾನದ ಪಟ್ಟಿ ಎರಡು ಮೂರಕ್ಕೆ ಇಳಿಯುತ್ತದೆ.

ಉದಾಹರಣೆಗೆ ನಾನು ಇಟ್ಟುಕೊಳ್ಳುವುದು ನಮ್ಮಲ್ಲಿ ಈಗಲೂ ಜನ ಪ್ರೀತಿಯಿಂದ ಸಾಕುತ್ತಿರುವ ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರನ್ನು. 1.8 ಲೀಟರ್, 20 ವಾಲ್ವ್, 150 ಪಿಎಸ್‌ನ ಟರ್ಬೊ ಎಂಜಿನ್. ಇಂಟೇಕ್ ಪೋರ್ಟಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್. ಒಳಬರುವ ಗಾಳಿಯನ್ನು ಅಳೆಯಲು ಮ್ಯಾಫ್ ಸೆನ್ಸರ್. ನಿಮ್ಮದು ಬೇರೆ ಕಾರಾದರೆ ಮೊದಲು ಏರ್ ಫಿಲ್ಟರ್ ಡಬ್ಬಿಗೂ ಟರ್ಬೊಗೂ ನಡುವಿನ ಪೈಪಿನಲ್ಲಿ ವೈರ್ ಕನೆಕ್ಟರ್ ಇರುವ ಮ್ಯಾಫ್ ಇದೆಯೇ ನೋಡಿ. ಪೋಲೊ ಜಿಟಿ ಟಿಎಸ್‌ಐ ತರಹದ ಕಾರುಗಳಲ್ಲಿ ಅದು ಇರುವುದಿಲ್ಲ. ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡ ಮತ್ತು ಉಷ್ಣತೆಯಿಂದ ಇಸಿಯು (ಎಂಜಿನ್ ಕಂಪ್ಯೂಟರ್) ಗಾಳಿಯನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಲೀಕ್ ಆದಾಗ ಈ ಎರಡು ಬಗೆಯ ಕಾರುಗಳು ನಡೆದುಕೊಳ್ಳುವ ರೀತಿಯೇ ಬೇರೆ. ಆ ಮಾತು ಮುಂದೆ ಬರುತ್ತದೆ.

ಹಂತ 1: ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ

ಕಾರು ರಾತ್ರಿಯಿಡೀ ನಿಂತಿರಲಿ. ಬೆಳಿಗ್ಗೆ ಸ್ಕ್ಯಾನರ್ ಹಾಕಿ ಇಗ್ನಿಷನ್ ಮಾತ್ರ ಆನ್ ಮಾಡಿ. ಕೂಲೆಂಟ್ ಉಷ್ಣತೆಯೂ ಇಂಟೇಕ್ ಗಾಳಿಯ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ತೋರಿಸಬೇಕು. ಕೂಲೆಂಟ್ ಮಾತ್ರ ತೀರಾ ಕಡಿಮೆ ತೋರಿಸಿದರೆ ಎಂಜಿನ್ ಬಿಸಿಯಾದ ಮೇಲೂ ಇಸಿಯು ಚಳಿಯ ಲೆಕ್ಕದಲ್ಲಿ ಪೆಟ್ರೋಲ್ ಸುರಿಯುತ್ತದೆ. ಈ 1.8 ಟರ್ಬೊದಲ್ಲಿ ಕೂಲೆಂಟ್ ಸೆನ್ಸರ್ ಕೈಕೊಡುವುದು ಹೆಸರುವಾಸಿ ರೋಗ. ರಿಚ್ ಎಂದು ಬಂದ ಕಾರಿನಲ್ಲಿ ನಾನು ಮೊದಲು ನೋಡುವುದೇ ಅದನ್ನು.

ಆಮೇಲೆ ಬೂಸ್ಟ್ ಸೆನ್ಸರ್. ಎಂಜಿನ್ ನಿಂತಿರುವಾಗ ಅದು ಆ ಊರಿನ ವಾಯುಭಾರವನ್ನೇ ತೋರಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ 910 ಮಿಲಿಬಾರ್ ಆಸುಪಾಸು. ಮಂಗಳೂರಿನಲ್ಲಾದರೆ 1010ರ ಹತ್ತಿರ. ಬೆಂಗಳೂರಿನಲ್ಲಿ ನಿಂತ ಕಾರು 1010 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಮುಂದಿನ ಯಾವ ಲೆಕ್ಕವನ್ನೂ ನಂಬುವ ಹಾಗಿಲ್ಲ.

ಎರಡು ನಿಮಿಷದ ಈ ಕೆಲಸವನ್ನು ಯಾರೂ ಮಾಡುವುದಿಲ್ಲ, ಏಕೆಂದರೆ ಇದರಲ್ಲಿ ಸದ್ದೂ ಇಲ್ಲ ಹೊಗೆಯೂ ಇಲ್ಲ. ಇದಾದ ಮೇಲೆ ಎಂಜಿನ್ ಕೋಡ್‌ಗಳನ್ನು ಓದಿ ಬರೆದುಕೊಳ್ಳಿ. ದಯವಿಟ್ಟು ಅಳಿಸಬೇಡಿ: ಎಷ್ಟೋ ಇಸಿಯುಗಳಲ್ಲಿ ಕೋಡ್ ಅಳಿಸಿದರೆ ಕಲಿತಿಟ್ಟುಕೊಂಡ ಟ್ರಿಮ್ ಕೂಡ ಸೊನ್ನೆಯಾಗುತ್ತದೆ, ಸಾಕ್ಷಿಯೇ ನಾಶ.

ಹಂತ 2: ಮಿಸ್ಸಿಂಗ್ ಇದ್ದರೆ ಮೊದಲು ಅದನ್ನು ಸರಿಮಾಡಿ

ಒಂದು ಸಿಲಿಂಡರಿನಲ್ಲಿ ಕಿಡಿ ಬೀಳಲಿಲ್ಲವೆಂದರೆ ಪೆಟ್ರೋಲೂ ಗಾಳಿಯೂ ಉರಿಯದೆ ಹೊರಗೆ ಹೋಗುತ್ತವೆ. ಆಕ್ಸಿಜನ್ ಸೆನ್ಸರ್ ಅಳೆಯುವುದು ಆಮ್ಲಜನಕವನ್ನು, ಪೆಟ್ರೋಲನ್ನಲ್ಲ. ಉಳಿದ ಆಮ್ಲಜನಕ ಕಂಡ ತಕ್ಷಣ ಅದು ಲೀನ್ ಎನ್ನುತ್ತದೆ, ಇಸಿಯು ಇನ್ನಷ್ಟು ಪೆಟ್ರೋಲ್ ಸೇರಿಸುತ್ತದೆ. ಪ್ಲಗ್ ಕಪ್ಪಗಿದೆ, ಸ್ಕ್ಯಾನರ್ ಲೀನ್ ಅನ್ನುತ್ತಿದೆ ಎಂಬ ವಿಚಿತ್ರ ದೂರು ಬರುವುದು ಹೀಗೆ.

ಬೂಸ್ಟ್ ಏರಿಸಿದ ಎಂಜಿನ್‌ನಲ್ಲಿ ಪ್ಲಗ್ ಗ್ಯಾಪ್ ದೊಡ್ಡದಿದ್ದರೆ ಒತ್ತಡ ಹೆಚ್ಚಾದಾಗ ಕಿಡಿ ಆರಿಹೋಗುತ್ತದೆ. 0.7 ಮಿಲಿಮೀಟರ್ ಸುತ್ತಮುತ್ತ ಇಟ್ಟು ನೋಡಿ. ಕಾಯಿಲ್‌ಗಳನ್ನು ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿ. ಮಿಸ್ಸಿಂಗ್ ಕೂಡ ಜಾಗ ಬದಲಿಸಿದರೆ ಕಾಯಿಲ್ಲೇ ಕಳ್ಳ.

ಹಂತ 3: ಟ್ರಿಮ್ ಓದಿ

ಇಸಿಯು ತನ್ನ ಲೆಕ್ಕದಂತೆ ಪೆಟ್ರೋಲ್ ಕೊಟ್ಟು, ಆಕ್ಸಿಜನ್ ಸೆನ್ಸರ್ ಏನನ್ನುತ್ತದೆ ನೋಡಿ, ಬೇಕಾದಷ್ಟು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ಆ ತಿದ್ದುಪಡಿಯೇ ಟ್ರಿಮ್. ಪ್ಲಸ್ ಎಂದರೆ ಲೀನ್ ಕಂಡಿದೆ, ಪೆಟ್ರೋಲ್ ಸೇರಿಸುತ್ತಿದ್ದೇನೆ. ಮೈನಸ್ ಎಂದರೆ ರಿಚ್ ಕಂಡಿದೆ, ಕಡಿಮೆ ಮಾಡುತ್ತಿದ್ದೇನೆ. ಕಾರಿನ ಕೋಡ್ ಓದುವ ಸಾಮಾನ್ಯ ಓಬಿಡಿ ಆ್ಯಪ್‌ಗಳಲ್ಲಿ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎಂದು ಎರಡು ಬರುತ್ತವೆ. ಎರಡನ್ನೂ ಕೂಡಿಸಿ ನೋಡಬೇಕು. ಒಂದು ಪ್ಲಸ್ 12, ಇನ್ನೊಂದು ಮೈನಸ್ 11 ಇದ್ದರೆ ಸದ್ಯಕ್ಕೆ ತಿದ್ದುಪಡಿ ಬರೀ 1 ಶೇಕಡ.

ಆಕ್ಟೇವಿಯಾದಲ್ಲಿ ವಿಸಿಡಿಎಸ್ ಎಂಬ ಸ್ಕ್ಯಾನ್ ಸಾಫ್ಟ್‌ವೇರ್ ಹಾಕಿ ಎಂಜಿನ್ ಮೆಷರಿಂಗ್ ಬ್ಲಾಕ್ 032 ತೆರೆದರೆ ಕೆಲಸ ಇನ್ನೂ ಸಲೀಸು. ಮೊದಲ ಅಂಕಣ ಐಡಲ್‌ನ ತಿದ್ದುಪಡಿ, ಎರಡನೆಯದು ಕಾರು ಓಡುವಾಗಿನದು. ಮೊದಲನೆಯದು ಕೂಡುವ ಲೆಕ್ಕ, ಎರಡನೆಯದು ಗುಣಿಸುವ ಲೆಕ್ಕ. ಪಿ1136 ಎಂಬ ಕೋಡ್ ಬಂದರೆ ಮೊದಲನೆಯದು ಲೀನ್ ಕಡೆಗೆ ಮಿತಿಮೀರಿದೆ, ಪಿ1128 ಬಂದರೆ ಎರಡನೆಯದು. ಬೇರೆ ಕಾರುಗಳಲ್ಲಿ ಎರಡಕ್ಕೂ ಸೇರಿ ಪಿ0171 ಎಂದಷ್ಟೇ ಬರುತ್ತದೆ, ರಿಚ್ ಆದರೆ ಪಿ0172. ಅಂಥಲ್ಲಿ ಐಡಲ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಸಮನಾಗಿ ಹಿಡಿದು ಒಮ್ಮೆ ನೀವೇ ಬರೆದುಕೊಳ್ಳಬೇಕು. 5 ಶೇಕಡದೊಳಗಿದ್ದರೆ ಸುಮ್ಮನಿರಿ. 10 ದಾಟಿದರೆ ಹುಡುಕಿ.

ಇಲ್ಲಿ ನಮ್ಮ ದೇಶದ್ದೇ ಒಂದು ತಕರಾರಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ20 ಪೆಟ್ರೋಲ್ ಈಗ ಎಲ್ಲ ಬಂಕ್‌ಗಳಲ್ಲೂ ಇದೆ. ಬರಿಯ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಥೆನಾಲಿಗೆ ಸುಮಾರು 9 ಸಾಕು. 20 ಶೇಕಡ ಎಥೆನಾಲ್ ಬೆರೆತಾಗ ಅದು 13.5ರ ಹತ್ತಿರ ಬರುತ್ತದೆ. ಅಂದರೆ ಅಷ್ಟೇ ಗಾಳಿಗೆ ಲೀಟರ್ ಲೆಕ್ಕದಲ್ಲಿ 7-8 ಶೇಕಡ ಹೆಚ್ಚು ಇಂಧನ ಬೇಕು. 20 ವರ್ಷ ಹಿಂದಿನ ಇಸಿಯುಗೆ ಇದು ಗೊತ್ತಿಲ್ಲ. ಯಾವ ರೋಗವೂ ಇಲ್ಲದ ಕಾರಿನ ಎರಡನೇ ಅಂಕಣ ಪ್ಲಸ್ 6, ಪ್ಲಸ್ 7 ತೋರಿಸಿದರೆ ಅದು ಪೆಟ್ರೋಲ್ ಬಂಕಿನ ಕೊಡುಗೆ. ಅದನ್ನು ಕಳೆದು ಉಳಿದದ್ದನ್ನು ಮಾತ್ರ ರೋಗ ಎನ್ನಿ. ವಿದೇಶದ ಮಾಡಿಫಿಕೇಷನ್ ವಿಡಿಯೊ ನೋಡಿ ನಮ್ಮ ಟ್ರಿಮ್ ಹೋಲಿಸಿಕೊಳ್ಳುವವರು ಎಡವುವುದು ಇಲ್ಲೇ.

ಹಂತ 4: ಮೂರು ಸಾಲು ಬರೆಯಿರಿ

ಐಡಲ್‌ನಲ್ಲಿ ಪ್ಲಸ್ 10, ಓಡುವಾಗ ಸರಿ: ಅಳೆಯದ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ. ಐಡಲ್‌ನಲ್ಲಿ ಎಂಜಿನ್ ಎಳೆಯುವ ಗಾಳಿ ಸೆಕೆಂಡಿಗೆ 2ರಿಂದ 4 ಗ್ರಾಂ ಮಾತ್ರ. ಒಂದು ಸಣ್ಣ ತೂತು ಅದಕ್ಕೆ ದೊಡ್ಡ ಪಾಲು. ಓಡುವಾಗ ಒಟ್ಟು ಗಾಳಿ ಹತ್ತಾರು ಗ್ರಾಂ ಆದಾಗ ಅದೇ ತೂತು ಲೆಕ್ಕಕ್ಕೇ ಬರುವುದಿಲ್ಲ.

ಐಡಲ್ ಸರಿ, ಓಡುವಾಗ ಪ್ಲಸ್ 15: ಮ್ಯಾಫ್ ಕಡಿಮೆ ಓದುತ್ತಿದೆ, ಇಲ್ಲವೇ ಪೆಟ್ರೋಲ್ ಒತ್ತಡ ಕಡಿಮೆಯಿದೆ. ಇವೆರಡೂ ಗುಣಿಸುವ ತಪ್ಪುಗಳು.

ಟ್ರಿಮ್ ಎಲ್ಲ ಚೆನ್ನಾಗಿದ್ದು ಬೂಸ್ಟ್‌ನಲ್ಲಿ ಕಪ್ಪು ಹೊಗೆ, ಪಿಕಪ್ ಇಲ್ಲ: ಟರ್ಬೊ ಮತ್ತು ಎಂಜಿನ್ ನಡುವೆ ಗಾಳಿ ಸೋರುತ್ತಿದೆ. ಮ್ಯಾಫ್ ಆ ಗಾಳಿಯನ್ನು ಅಳೆದಾಗಿದೆ, ಇಸಿಯು ಅದಕ್ಕೆ ತಕ್ಕ ಪೆಟ್ರೋಲೂ ಕೊಟ್ಟಿದೆ, ಗಾಳಿ ಮಾತ್ರ ದಾರಿಯಲ್ಲೇ ಮಾಯ.

ಥ್ರಾಟಲ್ ಆದ ಮೇಲಿನ ಭಾಗದಲ್ಲಿ, ಅಂದರೆ ಮ್ಯಾನಿಫೋಲ್ಡಿನಲ್ಲೇ ತೂತಿದ್ದರೆ ಎರಡು ಮುಖ ತೋರಿಸುತ್ತದೆ. ಐಡಲ್‌ನಲ್ಲಿ ಒಳಗೆಳೆದು ಲೀನ್, ಬೂಸ್ಟ್‌ನಲ್ಲಿ ಹೊರಗೆ ಊದಿ ರಿಚ್. ಇಂಥ ಕಾರನ್ನು ನೋಡಿ ಎರಡು ರೋಗ ಇವೆ ಎಂದು ಎರಡು ಬಿಲ್ ಮಾಡುವ ಗ್ಯಾರೇಜುಗಳಿವೆ.

ಮ್ಯಾಫ್ ಇಲ್ಲದ ಕಾರಿನಲ್ಲಿ ಇದೇ ಲೀಕ್‌ಗಳು ಟ್ರಿಮ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ. ಮ್ಯಾನಿಫೋಲ್ಡಿಗೆ ಗಾಳಿ ನುಗ್ಗಿದರೆ ಒತ್ತಡ ಏರುತ್ತದೆ, ಒತ್ತಡ ಏರಿದ್ದಕ್ಕೆ ಇಸಿಯು ಪೆಟ್ರೋಲ್ ಕೊಡುತ್ತದೆ, ಮಿಕ್ಸ್ಚರ್ ಸುಮಾರಾಗಿ ಸರಿಯೇ ಇರುತ್ತದೆ. ಐಡಲ್ ಮಾತ್ರ ಮೇಲೆ ಕೆಳಗೆ ಆಡುತ್ತದೆ. ಬೂಸ್ಟ್ ಪೈಪ್ ಸೋರಿದರೆ ಕಪ್ಪು ಹೊಗೆಯಿಲ್ಲ, ಬೂಸ್ಟ್ ತಡವಾಗಿ ಬರುತ್ತದೆ ಅಷ್ಟೆ. ಅಂಥ ಕಾರಿನಲ್ಲಿ ಇಸಿಯು ಕೇಳಿದ ಬೂಸ್ಟ್ ಎಷ್ಟು, ಬಂದದ್ದೆಷ್ಟು ಎಂದು ಅಕ್ಕಪಕ್ಕ ಇಟ್ಟು ನೋಡಬೇಕು.

ಹಂತ 5: ಲೀಕ್ ಹುಡುಕುವುದು

ಕಣ್ಣಿನಿಂದ ನೋಡಿ ಲೀಕ್ ಇಲ್ಲ ಎಂದು ಹೇಳುವ ಮಾತಿಗೆ ಬೆಲೆಯಿಲ್ಲ. ಈ ಎಂಜಿನ್‌ನ ಬ್ರೀದರ್ ಹೋಸ್‌ಗಳು (ಕ್ರ್ಯಾಂಕ್‌ಕೇಸಿನ ಆವಿ ಒಯ್ಯುವ ಪೈಪುಗಳು) ಇಂಟೇಕ್ ಮ್ಯಾನಿಫೋಲ್ಡಿನ ಕೆಳಗೆ, ಬಿಸಿಯಲ್ಲಿ, ಎಣ್ಣೆಯಲ್ಲಿ ಬೆಂದುಕೊಂಡು ಇರುತ್ತವೆ. ಮೇಲಿನಿಂದ ಕಪ್ಪಗೆ, ದುಂಡಗೆ, ಆರೋಗ್ಯವಾಗಿ ಕಾಣುತ್ತವೆ. ಕೈ ತೂರಿಸಿ ತಳಭಾಗವನ್ನು ಬೆರಳಿನಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿದು ಬರುತ್ತದೆ. ಟರ್ಬೊಗೆ ಹೋಗುವ ರಬ್ಬರ್ ಇನ್‌ಟೇಕ್ ಪೈಪ್ ಕೂಡ ಹಾಗೆಯೇ, ಬಾಗಿದ ಕಡೆ ಒಳಮಡಿಕೆಯಲ್ಲಿ ಸೀಳಿರುತ್ತದೆ. ಎಂಜಿನ್ ಅಲ್ಲಾಡಿದಾಗ ಮಾತ್ರ ಬಾಯಿ ಬಿಡುತ್ತದೆ.

ಮಾಡಬೇಕಾದದ್ದು ಪ್ರೆಷರ್ ಟೆಸ್ಟ್. ಹಾರ್ಡ್‌ವೇರ್ ಅಂಗಡಿಯಲ್ಲಿ ಪಿವಿಸಿ ಎಂಡ್ ಕ್ಯಾಪ್ ತನ್ನಿ, ಅಳತೆಗೆ ಟರ್ಬೊದ ಬಾಯಿಯನ್ನು ಮೊದಲೇ ಅಳೆದುಕೊಂಡು ಹೋಗಿ. ಕ್ಯಾಪಿಗೆ ತೂತು ಕೊರೆದು ಪಂಕ್ಚರ್ ಅಂಗಡಿಯಿಂದ ತಂದ ಟ್ಯೂಬ್‌ಲೆಸ್ ಟೈರ್ ವಾಲ್ವ್ ಕೂರಿಸಿ. ಸಿಲಿಕೋನ್ ಹೋಸ್ ತುಂಡೊಂದರಿಂದ ಅದನ್ನು ಟರ್ಬೊ ಬಾಯಿಗೆ ಕ್ಲಾಂಪ್ ಮಾಡಿ. ಈಗ ಕಂಪ್ರೆಸರ್. ಮಧ್ಯೆ ರೆಗ್ಯುಲೇಟರ್ ಇಲ್ಲದೆ ಗಾಳಿ ಬಿಡಲೇಬೇಡಿ. ಟ್ಯಾಂಕಿನಲ್ಲಿ 100 ಪಿಎಸ್‌ಐಗಿಂತ ಹೆಚ್ಚಿರುತ್ತದೆ, ಕ್ಯಾಪ್ ಹಾರಿ ಮುಖಕ್ಕೆ ಬಡಿಯುತ್ತದೆ. 5 ಪಿಎಸ್‌ಐನಿಂದ ಶುರುಮಾಡಿ ನಿಧಾನವಾಗಿ ನಿಮ್ಮ ಕಾರಿನ ಬೂಸ್ಟ್‌ವರೆಗೆ ಮಾತ್ರ ಏರಿಸಿ. 1 ಬಾರ್ ಅಂದರೆ 14.5 ಪಿಎಸ್‌ಐ.

ಅದಕ್ಕೂ ಮೊದಲು ಎಂಜಿನ್ ಆಯಿಲ್ ಮುಚ್ಚಳ ತೆಗೆದಿಡಿ. ಬ್ರೀದರ್ ದಾರಿಯಿಂದ ಕ್ರ್ಯಾಂಕ್‌ಕೇಸಿಗೆ ಗಾಳಿ ಹೋದರೆ ಆಯಿಲ್ ಸೀಲ್‌ಗಳಿಗೆ ಕೆಡುಕು. ಮುಚ್ಚಳದ ಬಾಯಿಂದ ಸಣ್ಣಗೆ ಗಾಳಿ ಬರುವುದು ಸಹಜ. ಯಾವುದಾದರೂ ಸಿಲಿಂಡರಿನ ವಾಲ್ವ್ ತೆರೆದೇ ಇರುತ್ತದೆ, ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಇಳಿಯುತ್ತದೆ. ಭರ್ರನೆ ಬಂದರೆ ಬ್ರೀದರ್ ದಾರಿಯಲ್ಲಿ ಗಾಳಿ ಹಿಂದಕ್ಕೆ ಹೋಗದಂತೆ ತಡೆಯುವ ಪಿಸಿವಿ ಚೆಕ್ ವಾಲ್ವ್ ಹೋಗಿದೆ, ಬೂಸ್ಟ್ ನೇರ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತಿದೆ.

ಸೋಪಿನ ನೀರು ಚಿಮುಕಿಸುತ್ತಾ ಹೋಗಿ. ಇಂಟರ್‌ಕೂಲರಿನ ಎರಡೂ ತುದಿ, ಥ್ರಾಟಲ್ ಬಾಡಿಯ ಹೋಸ್, ಇಂಜೆಕ್ಟರ್ ಬುಡದ ಓ-ರಿಂಗ್, ಡೈವರ್ಟರ್ ವಾಲ್ವ್. ನೊರೆ ಎದ್ದಲ್ಲಿ ಪೆನ್ನಿನಿಂದ ಗುರುತು ಹಾಕಿ ಮುಂದಕ್ಕೆ ಹೋಗಿ. ಒಂದು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ.

ಥ್ರಾಟಲ್ ಮುಚ್ಚಿದಾಗ ಬೂಸ್ಟ್ ಗಾಳಿಯನ್ನು ಟರ್ಬೊ ಮುಂಚಿನ ಪೈಪಿಗೆ ತಿರುಗಿಸುವ ಡೈವರ್ಟರ್ ಬಗ್ಗೆ ಒಂದು ಮಾತು. ಪುಸ್ಸ್ ಎಂಬ ಸದ್ದಿಗಾಗಿ ಅದನ್ನು ತೆಗೆದು ಹೊರಗೆ ಊದುವ ಬ್ಲೋ-ಆಫ್ ಹಾಕಿಸುವ ಚಾಳಿ ಇದೆಯಲ್ಲ, ಮ್ಯಾಫ್ ಇರುವ ಕಾರಿಗೆ ಅದು ಹೊಂದುವುದಿಲ್ಲ. ಗೇರ್ ಬದಲಿಸುವಾಗ ಅಳೆದ ಗಾಳಿ ಹೊರಗೆ ಹೋಗುತ್ತದೆ, ಆ ಕ್ಷಣ ಎಂಜಿನ್ ರಿಚ್, ಸೈಲೆನ್ಸರಿನಲ್ಲಿ ಢಬ್ ಎಂಬ ಸದ್ದು. ಅದರ ಸ್ಪ್ರಿಂಗ್ ಮೆದುವಾಗಿದ್ದರೆ ಐಡಲ್‌ನ ವ್ಯಾಕ್ಯೂಮಿಗೆ ಅರೆಬರೆ ತೆರೆದುಕೊಂಡು ಅಳೆಯದ ಗಾಳಿಯನ್ನೂ ಒಳಬಿಡುತ್ತದೆ. ಸದ್ದು ಬೇಕೇ ಬೇಕೆಂದರೆ ನಿಮ್ಮಿಷ್ಟ, ಟ್ರಿಮ್ ಬಗ್ಗೆ ಮಾತ್ರ ದೂರಬೇಡಿ.

ಗಾಳಿ ಕಡೆ ಏನೂ ಸಿಗದೆ ಐಡಲ್ ಇನ್ನೂ ಪ್ಲಸ್ ಇದ್ದರೆ ಎಕ್ಸಾಸ್ಟ್ ನೋಡಿ. ಹೊಸ ಡೌನ್‌ಪೈಪಿನ ಫ್ಲ್ಯಾಂಜ್ ಗ್ಯಾಸ್ಕೆಟ್ ಸರಿಯಾಗಿ ಕೂರದೆ ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಸೋರುತ್ತಿದ್ದರೆ, ಹೊಗೆಯ ಒಂದೊಂದು ಮಿಡಿತದ ನಡುವೆ ಹೊರಗಿನ ಗಾಳಿ ಒಳಸೇರುತ್ತದೆ. ಎಂಜಿನ್ ಲೀನ್ ಆಗಿಲ್ಲ, ಸೆನ್ಸರಿಗೆ ಹಾಗೆ ಕಾಣುತ್ತಿದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಸದ್ದು, ಫ್ಲ್ಯಾಂಜ್ ಪಕ್ಕ ಕಪ್ಪು ಮಸಿ. ಇವೆರಡು ಅದರ ಗುರುತು.

ಹಂತ 6: ಮ್ಯಾಫ್

ಎಣ್ಣೆ ಹಚ್ಚುವ ಕಾಟನ್ ಫಿಲ್ಟರ್ ತೊಳೆದು, ಕೈತುಂಬಾ ಎಣ್ಣೆ ಸುರಿದು ಹಾಕಿದ್ದರೆ ಆ ಎಣ್ಣೆ ಮ್ಯಾಫ್‌ನ ಸೂಕ್ಷ್ಮ ಭಾಗದ ಮೇಲೆ ಕೂತಿರುತ್ತದೆ. ಮ್ಯಾಫ್‌ಗೆಂದೇ ಸಿಗುವ ಕ್ಲೀನರ್ ಮಾತ್ರ ಹೊಡೆಯಿರಿ, ಬಟ್ಟೆ ಮುಟ್ಟಿಸಬೇಡಿ.

ಅದಕ್ಕಿಂತ ಹೆಚ್ಚು ಕಾಡುವುದು ಪೈಪಿನ ಅಳತೆ. ಮ್ಯಾಫ್ ಗಾಳಿಯ ವೇಗ ನೋಡಿ, ಪೈಪಿನ ಅಗಲ ಇಷ್ಟೇ ಎಂಬ ನಂಬಿಕೆಯ ಮೇಲೆ ಪ್ರಮಾಣ ಹೇಳುತ್ತದೆ. 70 ಮಿಲಿಮೀಟರ್ ಇದ್ದ ಜಾಗದಲ್ಲಿ 75ರ ಪೈಪಿಗೆ ಅದೇ ಸೆನ್ಸರ್ ಕೂರಿಸಿದರೆ ಅಡ್ಡಕೊಯ್ತ 15 ಶೇಕಡ ಹೆಚ್ಚಾಗುತ್ತದೆ, ಅಷ್ಟೇ ಗಾಳಿಗೆ ವೇಗ ಕಡಿಮೆ, ಮ್ಯಾಫ್ ಕಡಿಮೆ ಓದುತ್ತದೆ. ಬ್ಲಾಕ್ 032ರ ಎರಡನೇ ಅಂಕಣ ಸೀದಾ ಪ್ಲಸ್ 15ರ ಹತ್ತಿರ ಹೋಗಿ ಕೂರುತ್ತದೆ. ಇದಕ್ಕೆ ಇರುವುದು ಎರಡೇ ದಾರಿ: ಹಳೆಯ ಅಳತೆಯ ಹೌಸಿಂಗ್ ವಾಪಸ್ ಹಾಕುವುದು, ಅಥವಾ ಟ್ಯೂನರ್ ಬಳಿ ಹೋಗಿ ಮ್ಯಾಪಿನಲ್ಲಿ ತಿದ್ದಿಸುವುದು.

ಮ್ಯಾಫ್ ಸರಿಯಾಗಿ ಓದುತ್ತಿದೆಯೇ ಎಂದು ಅಂದಾಜಿಸಲು ಟ್ಯೂನರ್‌ಗಳು ಬಳಸುವ ಒರಟು ಲೆಕ್ಕವೊಂದಿದೆ. ಪೂರ್ತಿ ಒತ್ತಿದಾಗ ಬರುವ ಗರಿಷ್ಠ ಗ್ರಾಂ ಸಂಖ್ಯೆಯನ್ನು 0.8ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕುದುರೆಶಕ್ತಿ. 150ರ ಎಂಜಿನ್ ಸೆಕೆಂಡಿಗೆ 120 ಗ್ರಾಂ ಸುತ್ತಮುತ್ತ ತೋರಿಸಬೇಕು. ರೀಮ್ಯಾಪ್ ಆದ ಕಾರು 85 ತೋರಿಸಿ ಚೆನ್ನಾಗಿಯೇ ಎಳೆಯುತ್ತಿದ್ದರೆ ಮ್ಯಾಫ್ ಸುಳ್ಳು. ಎಳೆಯುತ್ತಲೂ ಇಲ್ಲವೆಂದರೆ ಬೂಸ್ಟ್ ಇಲ್ಲ.

ಹಂತ 7: ಪೆಟ್ರೋಲ್ ಕಡೆ

ಈ ಹಂತಕ್ಕೆ ಬರುವಾಗ ಎಂಜಿನ್ ತಣ್ಣಗಿರಲಿ, ಅಗ್ನಿಶಾಮಕ ಡಬ್ಬಿ ಕೈಗೆ ಸಿಗುವಂತಿರಲಿ, ಪಕ್ಕದಲ್ಲಿ ಬೀಡಿ ಸಿಗರೇಟು ಸೇದುವವರು ಬೇಡ.

ಪ್ರೆಷರ್ ಗೇಜ್ ಹಾಕಿ. 3 ಬಾರ್ ರೆಗ್ಯುಲೇಟರ್ ಇರುವ ಈ ಎಂಜಿನ್ ಐಡಲ್‌ನಲ್ಲಿ 2.5 ಬಾರ್ ತೋರಿಸಬೇಕು, ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಿತ್ತರೆ 3ಕ್ಕೆ ಏರಬೇಕು. ಕಿತ್ತ ಪೈಪಿನಲ್ಲಿ ಪೆಟ್ರೋಲ್ ಹನಿ ಕಂಡರೆ ಒಳಗಿನ ಡಯಾಫ್ರಂ ಹರಿದಿದೆ, ನಿಮ್ಮ ಐಡಲ್ ರಿಚ್ ಆಗುತ್ತಿದ್ದದ್ದು ಅದರಿಂದಲೇ. ಬೂಸ್ಟ್‌ನಲ್ಲಿ ಒತ್ತಡ ಬೂಸ್ಟ್‌ನಷ್ಟೇ ಏರಬೇಕು: 1 ಬಾರ್ ಬೂಸ್ಟ್ ಬಂದಾಗ 4 ಬಾರ್. ಏರದೆ ಅಲ್ಲೇ ನಿಂತರೆ ಅಥವಾ ಇಳಿದರೆ ಪಂಪ್, ಫಿಲ್ಟರ್, ಇಲ್ಲವೇ ಪಂಪಿಗೆ ಹೋಗುವ ವೈರ್. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದು ಪಂಪ್ ಕನೆಕ್ಟರಿನಲ್ಲಿ 12 ಕೂಡ ಇಲ್ಲದಿದ್ದರೆ ಹೊಸ ಪಂಪ್ ಕೂಡ ಸೋಲುತ್ತದೆ.

4 ಬಾರ್ ರೆಗ್ಯುಲೇಟರ್ ಹಾಕಿಸಿದವರು ಬೇಕಾದಷ್ಟಿದ್ದಾರೆ. ಅದರಿಂದ ಇಂಜೆಕ್ಟರಿನ ಹರಿವು ದ್ವಿಗುಣವಾಗುವುದಿಲ್ಲ; 15 ಶೇಕಡದಷ್ಟು ಹೆಚ್ಚುತ್ತದೆ. ಮ್ಯಾಪಿನಲ್ಲಿ ತಿದ್ದದೆ ಹಾಕಿದ್ದರೆ ಅಷ್ಟೇ ಮೈನಸ್ ಟ್ರಿಮ್. ದೊಡ್ಡ ಇಂಜೆಕ್ಟರ್ ಹಾಕಿದಾಗಲೂ ಇದೇ ಕಥೆ, ಜೊತೆಗೆ ಇನ್ನೊಂದು ತೊಡಕು: ಇಂಜೆಕ್ಟರ್ ತೆರೆದುಕೊಳ್ಳಲು ಹಿಡಿಯುವ ಸಮಯ. ಹರಿವಿನ ಅಂಕಿ ತಪ್ಪಿದ್ದರೆ ಐಡಲ್‌ನಲ್ಲೂ ಓಡುವಾಗಲೂ ಒಂದೇ ಶೇಕಡಾವಾರು ತಪ್ಪುತ್ತದೆ. ತೆರೆಯುವ ಸಮಯದ ಅಂಕಿ ತಪ್ಪಿದ್ದರೆ ಐಡಲ್ ಹೆಚ್ಚು ಕೆಡುತ್ತದೆ, ಲೋಡ್ ಏರಿದಂತೆ ಸರಿಹೋಗುತ್ತದೆ. ವ್ಯಾಕ್ಯೂಮ್ ಲೀಕ್ ಎಂದು ಮೋಸಹೋಗುವುದು ಸುಲಭ, ಹಾಗಾಗಿಯೇ ಪ್ರೆಷರ್ ಟೆಸ್ಟ್ ಮೊದಲು.

ಪೆಟ್ರೋಲ್ ತುಂಬಿಸಿದ ಕೂಡಲೇ ಸ್ಟಾರ್ಟ್ ಆಗಲು ತಕರಾರು, ಬಿಸಿ ಐಡಲ್‌ನಲ್ಲಿ ಮೈನಸ್ ಟ್ರಿಮ್ ಇದ್ದರೆ ಟ್ಯಾಂಕಿನ ಆವಿ ಎಳೆಯುವ ಪರ್ಜ್ ವಾಲ್ವ್ ತೆರೆದೇ ಉಳಿದಿದೆ. ಅದರ ಪೈಪನ್ನು ತಾತ್ಕಾಲಿಕವಾಗಿ ಮುಚ್ಚಿ ಟ್ರಿಮ್ ಮೇಲೇಳುತ್ತದೆಯೇ ನೋಡಿ.

ಸಿಲಿಂಡರಿನೊಳಗೇ ಪೆಟ್ರೋಲ್ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಕಾರುಗಳಲ್ಲಿ ಫ್ಯೂಯೆಲ್ ರೈಲಿನ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯ) ಒತ್ತಡ 100 ಬಾರ್ ದಾಟಿರುತ್ತದೆ. ಅಲ್ಲಿ ಗೇಜ್ ಹಾಕುವ ಸಾಹಸ ಬೇಡ, ಕೇಳಿದ ಒತ್ತಡ ಮತ್ತು ಬಂದ ಒತ್ತಡ ಎರಡನ್ನೂ ಸ್ಕ್ಯಾನರಿನಲ್ಲೇ ಲಾಗ್ ಮಾಡಿ.

ಹಂತ 8: ಬೂಸ್ಟ್‌ನಲ್ಲಿ ಲಾಗ್

ಪೂರ್ತಿ ಒತ್ತಿದಾಗ ಎಷ್ಟೋ ಹಳೆಯ ಇಸಿಯುಗಳು ಆಕ್ಸಿಜನ್ ಸೆನ್ಸರಿನ ಮಾತು ಕೇಳುವುದನ್ನೇ ಬಿಡುತ್ತವೆ. ನ್ಯಾರೋಬ್ಯಾಂಡ್ ಸೆನ್ಸರ್ ಇದ್ದರಂತೂ ರಿಚ್ ಎನ್ನುವುದಷ್ಟೇ ಅದಕ್ಕೆ ಗೊತ್ತು, ಎಷ್ಟು ರಿಚ್ ಎಂದು ಗೊತ್ತಿಲ್ಲ. ಅದನ್ನೂ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ಟರ್ಬೊ ಆದ ಮೇಲೆ, ಕ್ಯಾಟಲಿಟಿಕ್ ಕನ್ವರ್ಟರಿಗೆ ಮೊದಲು, ನೀರಹನಿ ಜಾರಿಹೋಗುವಂತೆ ಓರೆಯಾಗಿ ಕೂರಿಸಿ. ಗೇಜನ್ನು ಲ್ಯಾಂಬ್ಡಾ (ಪೂರ್ತಿ ಉರಿಯಲು ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ; 1ಕ್ಕಿಂತ ಕಡಿಮೆ ಎಂದರೆ ರಿಚ್) ತೋರಿಸುವಂತೆ ಇಡಿ: ಇ20 ಇರಲಿ ಬರಿಯ ಪೆಟ್ರೋಲ್ ಇರಲಿ 1 ಎಂದರೆ 1, 14.7ರ ಗೊಂದಲವೇ ಇಲ್ಲ.

ಈ ಟೆಸ್ಟ್ ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಮೇಲೆ ಆಗಲಿ. ನೈಸ್ ರಸ್ತೆಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಮಾಡುವ ಕೆಲಸ ಇದಲ್ಲ. ಪೋರ್ಟ್ ಇಂಜೆಕ್ಷನ್ ಟರ್ಬೊದಲ್ಲಿ ಪೂರ್ತಿ ಬೂಸ್ಟ್‌ಗೆ 0.78ರಿಂದ 0.85 ಇರಬೇಕು. 0.90 ದಾಟಿದರೆ ತಕ್ಷಣ ಕಾಲೆತ್ತಿ, ಇನ್ನೊಂದು ರನ್ ಮಾಡಿ ನೋಡೋಣ ಎನ್ನಬೇಡಿ. ಪಿಸ್ಟನ್ ಕರಗುವುದು ಆ ಇನ್ನೊಂದು ರನ್‌ನಲ್ಲಿ.

ಗ್ರಾಫ್ ಓದುವುದು ಹೀಗೆ. 3500ರಲ್ಲಿ 0.82 ಇದ್ದದ್ದು ಆರ್‌ಪಿಎಂ ಏರಿದಂತೆ 0.86, 0.90 ಎಂದು ಜಾರುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ. ಆಗ ಇಂಜೆಕ್ಟರ್ ಸಮಯ ನೋಡಿ. 6500 ಆರ್‌ಪಿಎಂನಲ್ಲಿ ಎಂಜಿನ್‌ನ ಒಂದು ಪೂರ್ತಿ ಆವರ್ತಕ್ಕೆ (ಎರಡು ಸುತ್ತಿಗೆ) 18.5 ಮಿಲಿಸೆಕೆಂಡ್ ಮಾತ್ರ. ಇಂಜೆಕ್ಟರ್ 17 ಮಿಲಿಸೆಕೆಂಡ್ ತೆರೆದಿದೆ ಎಂದರೆ 92 ಶೇಕಡ, ಅದರ ಕೈಲಿ ಇನ್ನು ಆಗುವುದಿಲ್ಲ. 85ರೊಳಗೆ ಇರಬೇಕು. ಹಿಂದೆ ಬರಿಯ ಪೆಟ್ರೋಲಿನಲ್ಲಿ 85ರಲ್ಲಿ ನೆಮ್ಮದಿಯಾಗಿದ್ದ ಕಾರು ಇ20 ಬಂದ ಮೇಲೆ ಅದೇ ಬೂಸ್ಟ್‌ಗೆ 91-92ಕ್ಕೆ ಬಂದು ನಿಲ್ಲುತ್ತದೆ. ಯಾರೂ ಏನೂ ಮುಟ್ಟದೆ ಕಾರು ಲೀನ್ ಆಗುವುದು ಹೀಗೂ ಉಂಟು.

ಇಂಜೆಕ್ಟರ್ ಸಮಯ ಮಿತಿಯೊಳಗಿದ್ದೂ ಲ್ಯಾಂಬ್ಡಾ ಜಾರುತ್ತಿದ್ದರೆ ಪಂಪ್ ಕಡೆ ಹೋಗಿ. ಬೂಸ್ಟ್ ಶುರುವಾದಾಗಿನಿಂದಲೇ 0.75ಕ್ಕೂ ಕೆಳಗಿದ್ದು ಬ್ಲಾಕ್ 115ರಲ್ಲಿ ಕೇಳಿದ ಬೂಸ್ಟ್‌ಗಿಂತ ಬಂದದ್ದು ಕಡಿಮೆಯಿದ್ದರೆ ಮತ್ತೆ ಐದನೇ ಹಂತ. ಲ್ಯಾಂಬ್ಡಾ ಸರಿಯಿದ್ದು ಇಗ್ನಿಷನ್ ಟೈಮಿಂಗ್ ಮಾತ್ರ ಹಿಂದೆ ಸರಿಯುತ್ತಿದ್ದರೆ ಅದು ಮಿಕ್ಸ್ಚರ್ ತೊಂದರೆಯೇ ಅಲ್ಲ; ಗಾಳಿ ಬಿಸಿ, ಇಲ್ಲವೇ ಮ್ಯಾಪ್ ಬಯಸುವ ಆಕ್ಟೇನ್ ಸಿಗುತ್ತಿಲ್ಲ.

ಸರಿಮಾಡಿದ ಮೇಲೆ

ಈಗ ಕೋಡ್ ಅಳಿಸಿ, ಅಡಾಪ್ಟೇಷನ್ ಸೊನ್ನೆ ಮಾಡಿ. ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವವರೆಗೆ ಸಿಟಿಯಲ್ಲೂ ಹೆದ್ದಾರಿಯಲ್ಲೂ ಸಾಧಾರಣವಾಗಿ ಓಡಿಸಿ ಬ್ಲಾಕ್ 032 ಮತ್ತೆ ನೋಡಿ. ಲೀಕ್ ಮುಚ್ಚಿದ ಮೇಲೆ ಮೊದಲ ಅಂಕಣ ಸೊನ್ನೆಗೆ ಬರುವ ಬದಲು ಮೈನಸ್ 8ಕ್ಕೆ ಇಳಿದರೆ ಗಾಬರಿ ಬೀಳಬೇಡಿ. ಆ ಲೀಕ್ ಇದ್ದಾಗಲೇ ಯಾರೋ ಮ್ಯಾಪ್ ಮಾಡಿದ್ದಾರೆ, ತೂತಿಗೆ ತಕ್ಕಂತೆ ಪೆಟ್ರೋಲ್ ಸೇರಿಸಿಟ್ಟಿದ್ದಾರೆ. ಹಳೆಯ ಲಾಗ್, ಹೊಸ ಲಾಗ್ ಎರಡನ್ನೂ ಒಯ್ದು ಟ್ಯೂನರ್ ಮುಂದಿಡಿ. ಬೂಸ್ಟ್‌ನಲ್ಲೂ ಹಾಗೆಯೇ ಸೇರಿಸಿದ್ದರೆ ಅದನ್ನೂ ತೆಗೆಸಬೇಕು, ಮತ್ತೊಂದು ಡೈನೊ ರನ್ ಆಗುವವರೆಗೆ ಪೂರ್ತಿ ಒತ್ತದಿರಿ.